ಸಚಿನ್ನಿನಲ್ಲಿ ಎರಡು ದಿನ

ಸಂಘದ ಯುಗಾದಿಯ ಊಟದ ಪಂಕ್ತಿಯಲ್ಲಿ, ‘ಮೊನ್ನೆ ಸಚಿನ್ನಿಗೆ ಹೋಗಿಬಂದೆ’ ಎಂದು ಪಕ್ಕದವರಿಗೆ ಹೇಳುತ್ತಿದ್ದೆ. ಎದುರು ಪಂಕ್ತಿಯ ಹುಡುಗನೊಬ್ಬ ಪಾಯಸದ ಬಟ್ಟಲನ್ನು ಕೆಳಗಿಟ್ಟು, ‘ಆಟೋಗ್ರಾಫ್ ಹಾಕಿಸಿಕೊಂಡಿರಾ?’ ಎಂದು ಕೇಳಿದ. ನಾನು ಹೇಳಿದ ಸಚಿನ್ ಬ್ಯಾಟು ಹಿಡಿಯುವ ಸಚಿನ್ ಅಲ್ಲ, ಸೂರತ್ತಿನ ದಕ್ಷಿಣಕ್ಕಿರುವ ಒಂದು ಊರು ಎಂದು ತಿಳಿದಾಗ ಅವನಿಗೆ ಬಹಳ ನಿರಾಶೆಯಾಯಿತು. ನಮ್ಮ ಸಂಪಾದಕರು ಮಾತ್ರ, ‘ಆ ಊರಿನ ಮೇಲೆ ನಾಲ್ಕು ಪುಟ ಬರೆದುಕೊಡಿ’ ಎಂದು ಅಲ್ಲೇ ಹಿಡಿದುಕೊಂಡರು. ಆ ಎರಡು ದಿನಗಳಲ್ಲಿ ನಾನು ಊರನ್ನು ನೋಡಿದ್ದು ಸ್ವಲ್ಪ. ನ್ಯೂಟ್ರಾನಿನ ಕಥೆ ಕೇಳಿದ್ದೇ ಹೆಚ್ಚು. ಆದ್ದರಿಂದ ಎರಡನ್ನೂ ಬೆರೆಸಿಯೇ ಬಡಿಸುತ್ತೇನೆ, ಓದುಗರು ಮನ್ನಿಸಬೇಕು.

ವಡೋದರಾದಲ್ಲಿ ಬೆಳಿಗ್ಗೆ ರೈಲು ಹತ್ತಿದೆ. ಭರೂಚಿನಲ್ಲಿ ನರ್ಮದೆಗೆ ಕೈಮುಗಿದು, ತಾಪಿಯನ್ನು ದಾಟಿ ಸೂರತ್ತಿನಲ್ಲಿ ಇಳಿದು, ಅಲ್ಲಿಂದ ಸಣ್ಣ ಗಾಡಿ ಹಿಡಿದರೆ ಉಧನಾ, ಭೇಸ್ತಾನ, ಆಮೇಲೆ ಸಚಿನ್. ಉತ್ತರಾಯಣ ಮುಗಿದು ನಾಲ್ಕೈದು ದಿನಗಳಾಗಿದ್ದವು. ಹಳಿಯುದ್ದಕ್ಕೂ ತಂತಿಗಳ ಮೇಲೆ, ಬೇಲಿಯ ಮುಳ್ಳಿನ ಮೇಲೆ ಹರಿದ ಗಾಳಿಪಟಗಳು ತೂಗಾಡುತ್ತಿದ್ದವು.

ಊರು ಸಣ್ಣದಾದರೂ ಹಿಂದೆ ಒಂದು ಸಂಸ್ಥಾನದ ರಾಜಧಾನಿಯ ಹೆಸರು ಹೊತ್ತದ್ದು. ಜಂಜೀರಾ ದ್ವೀಪದ ಸಿದ್ದಿ ಮನೆತನದ ಒಂದು ಶಾಖೆಗೆ 1791ರಲ್ಲಿ ಈ ಸೀಮೆ ದೊರೆಯಿತು. ಆಫ್ರಿಕದ ಮೂಲದಿಂದ ಬಂದ ಆ ಮನೆತನದ ನವಾಬರು, 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ಸೇರುವವರೆಗೆ, ಇಲ್ಲಿ ಆಳಿದರು. ನಮ್ಮ ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿ ಕನ್ನಡ, ಕೊಂಕಣಿ ಆಡಿಕೊಂಡಿರುವ ಸಿದ್ದಿ ಜನರನ್ನು ಕಂಡವರಿಗೆ, ಅದೇ ದೂರದ ಕಡಲಿನಿಂದ ಬಂದವರು ಇಲ್ಲಿ ಸಿಂಹಾಸನವೇರಿದ್ದರೆಂದು ಕೇಳಿ ಆಶ್ಚರ್ಯವಾದೀತು. ಮನುಷ್ಯ ಎಲ್ಲಿ ಹುಟ್ಟಿ ಎಲ್ಲಿ ನೆಲೆಯಾಗುತ್ತಾನೋ!

ಇಂದಿನ ಸಚಿನ್ ನವಾಬರದಲ್ಲ, ಮಗ್ಗಗಳದು. ‘ಜಿ.ಐ.ಡಿ.ಸಿ.’ ಎಂದು ಎಲ್ಲರೂ ಕರೆಯುವ ಕೈಗಾರಿಕಾ ವಸಾಹತಿನಲ್ಲಿ ನೇಯುವ ಕಾರ್ಖಾನೆ, ಬಣ್ಣ ಹಾಕುವ ಕಾರ್ಖಾನೆ ಸಾಲುಸಾಲಾಗಿ ನಿಂತಿವೆ. ಪಕ್ಕದ ವಿಶೇಷ ಆರ್ಥಿಕ ವಲಯದಲ್ಲಿ 2000ದಿಂದೀಚೆಗೆ ವಜ್ರದ ಕೆಲಸವೂ ಸೇರಿಕೊಂಡಿದೆ. ನಮ್ಮ ಭಾವನವರು ಇಲ್ಲಿಯ ಒಂದು ನೇಯ್ಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಗ್ಗದ ಸದ್ದಿನಲ್ಲೇ ಆಯುಷ್ಯ ಕಳೆದದ್ದರಿಂದ ಮನೆಯಲ್ಲಿಯೂ ಎತ್ತರದ ದನಿಯಲ್ಲೇ ಮಾತನಾಡುತ್ತಾರೆ. ‘ಬರ್ರಿ, ಬರ್ರಿ!’ ಎಂದು ಅವರು ಕರೆದದ್ದು ಸ್ಟೇಷನ್ನಿಗೆಲ್ಲ ಕೇಳಿಸಿತು.

ಮನೆಗೆ ಹೋದೊಡನೆ ಅಕ್ಕ ಕುಸುರೆಳ್ಳು ಕೊಟ್ಟಳು. ಅದರ ಹಿಂದೆಯೇ ಒಂದು ತಟ್ಟೆಯಲ್ಲಿ ಹಸಿರು ಹಸಿರಾದ ಬಿಸಿ ಕಾಳು, ಮೇಲೆ ಸೇವು. ‘ಏನು ಹೇಳು ನೋಡೋಣ’ ಎಂದಳು. ಒಂದು ಚಿಟಿಕೆ ಬಾಯಿಗೆ ಹಾಕಿದೆ. ಕಣ್ಣಮುಂದೆ ಧಾರವಾಡದ ಕಡೆಯ ಹೊಲ, ಕುಳ್ಳಿನ ಬೆಂಕಿ, ಕೈಯಲ್ಲಿ ತಿಕ್ಕಿ ಊದುತ್ತಿದ್ದ ನಮ್ಮ ಅಜ್ಜ. ಜೋಳದ ಸೀತನಿ! ಸೂರತ್ತಿನ ಜನ ಇದನ್ನು ‘ಪೋಂಕ್’ ಎನ್ನುತ್ತಾರೆ, ಚಳಿಗಾಲವಿಡೀ ಬೀದಿಯಲ್ಲಿ ಮಾರುತ್ತಾರೆ. ನಲವತ್ತು ವರ್ಷ ಗುಜರಾತಿನಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಆಗಲೇ ಅಕ್ಕನ ಮಗಳು ಒಳಗಿನಿಂದ ಬಂದಳು. ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಯಾವ ಪ್ರಯೋಗಶಾಲೆಯೆಂದು ಬರೆಯುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ನಾಲ್ಕು ದಿನದ ರಜೆಯಲ್ಲಿ ಬಂದವಳ ಮುಖ ಬಾಡಿತ್ತು. ‘ಮೂರು ದಿನ ಆತು, ಬರೇ ಕಾಗದ ನೋಡ್ಕೋತ ಕೂತಾಳ. ನೀನಾರ ಒಂದಿಷ್ಟು ಕೇಳು’ ಎಂದು ಅಕ್ಕ ನನಗೆ ಒಪ್ಪಿಸಿದಳು. ಕೇಳಿದೆ. ಅದು ರಾತ್ರಿಯ ಊಟದವರೆಗೂ ನಡೆಯಿತು. ವಿಜ್ಞಾನದಲ್ಲಿ ನನ್ನ ಯೋಗ್ಯತೆ ಬ್ಯಾಂಕಿನ ಲೆಕ್ಕಪುಸ್ತಕದಾಚೆ ಹೋದದ್ದಲ್ಲ. ಅವಳು ತಿಳಿಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಸೂರ್ಯನಲ್ಲಿ ಹಗುರವಾದ ಪರಮಾಣು ಬೀಜಗಳು ಒಂದಕ್ಕೊಂದು ಬೆಸೆದು ಶಕ್ತಿ ಹೊರಬೀಳುತ್ತದೆ. ಇದಕ್ಕೆ ಸಮ್ಮಿಲನವೆಂದು ಹೆಸರು. ಭೂಮಿಯ ಮೇಲೆ ಇದನ್ನು ಪಳಗಿಸಬೇಕಾದರೆ ಹೈಡ್ರೋಜನ್ನಿನ ಬಂಧುಗಳಾದ ಡ್ಯೂಟೀರಿಯಮ್ಮು ಮತ್ತು ಟ್ರಿಟಿಯಮ್ಮುಗಳನ್ನು ಹತ್ತು ಕೋಟಿ ಡಿಗ್ರಿಗೂ ಮೀರಿ ಕಾಯಿಸಬೇಕು. ಆ ಕಾವಿನಲ್ಲಿ ಅನಿಲವು ಅನಿಲವಾಗಿ ಉಳಿಯದೆ ವಿದ್ಯುತ್ ಕಣಗಳ ಪ್ರವಾಹವಾಗುತ್ತದೆ, ಅದೇ ಪ್ಲಾಸ್ಮಾ. ಅದನ್ನು ಹಿಡಿದಿಡಲು ಲೋಹದ ಪಾತ್ರೆಯೊಂದೇ ಸಾಲದು, ಕಾಂತಕ್ಷೇತ್ರದ ಬೇಲಿ ಬೇಕು. ಅಂಥ ಯಂತ್ರಕ್ಕೆ ಟೋಕಮಾಕ್ ಎನ್ನುತ್ತಾರೆ. ನಮ್ಮ ಅಹಮದಾಬಾದಿನ ಮಗ್ಗುಲಲ್ಲೇ, ಗಾಂಧಿನಗರದ ಭಾಟ್ ಗ್ರಾಮದಲ್ಲಿರುವ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ ‘ಆದಿತ್ಯ’ ಎಂಬ ಟೋಕಮಾಕು 1989ರಲ್ಲಿ ಕೆಲಸ ಆರಂಭಿಸಿತು. ಅದರ ತಮ್ಮನಾದ ಎಸ್.ಎಸ್.ಟಿ.-1ರಲ್ಲಿ ಮೊದಲ ಪ್ಲಾಸ್ಮಾ ಹುಟ್ಟಿದ್ದು 2013ರಲ್ಲಿ. ಆ ರಸ್ತೆಯಲ್ಲಿ ಎಷ್ಟೋ ಸಲ ವಿಮಾನ ನಿಲ್ದಾಣಕ್ಕೆ ಹೋಗಿದ್ದೇನೆ. ಒಳಗೆ ಸೂರ್ಯನ ಮರಿಯನ್ನು ಸಾಕುತ್ತಿದ್ದಾರೆಂಬ ಕಲ್ಪನೆ ಇರಲಿಲ್ಲ.

‘ಅಷ್ಟು ಕಾವನ್ನು ಅಳೆಯುವುದು ಹೇಗೆ? ಯಾವ ಥರ್ಮಾಮೀಟರು ತಾಳೀತು?’ ಎಂದೆ.

‘ಅದಕ್ಕ ನ್ಯೂಟ್ರಾನ್ ಬೇಕು, ಮಾಮಾ’ ಎಂದಳು.

ಡ್ಯೂಟೀರಿಯಮ್ಮು ಟ್ರಿಟಿಯಮ್ಮು ಬೆಸೆದಾಗ ಒಂದು ಹೀಲಿಯಮ್ ಬೀಜ, ಒಂದು ನ್ಯೂಟ್ರಾನು ಹುಟ್ಟುತ್ತವೆ. ಹೀಲಿಯಮ್ಮಿಗೆ ವಿದ್ಯುದಂಶ ಉಂಟು, ಬೇಲಿಯೊಳಗೇ ಸುತ್ತುತ್ತದೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಯಾವ ಬೇಲಿಯೂ ಅದನ್ನು ತಡೆಯದು. ಹುಟ್ಟಿದ ಕ್ಷಣವೇ ಸೆಕೆಂಡಿಗೆ ಸುಮಾರು 52,000 ಕಿಲೋಮೀಟರ್ ವೇಗದಲ್ಲಿ ಮನೆ ಬಿಟ್ಟು ಹೊರಡುತ್ತದೆ. ‘ನಮ್ಮಂಗ’ ಎಂದು ಒಳಗಿನಿಂದ ಅಕ್ಕ ಹೇಳಿದಳು. ನಾವೆಲ್ಲ ನಕ್ಕೆವು, ಆದರೆ ಹುಡುಗಿ, ‘ಅವ್ವ ಅಂದದ್ದು ಖರೆನ ಅದ’ ಎಂದಳು.

ಅದು ಹೀಗೆ. ರೈಲಿನಲ್ಲಿ ಎದುರಿಗೆ ಕುಳಿತವನು ಎರಡು ವಾಕ್ಯ ಕನ್ನಡ ಆಡಿದರೆ ಸಾಕು, ಅವನು ಮೈಸೂರಿನವನೋ, ಮಂಗಳೂರಿನವನೋ, ಬಿಜಾಪುರದವನೋ ನಾವು ಹೇಳಬಲ್ಲೆವು. ಊರು ಬಿಟ್ಟರೂ ಹುಟ್ಟೂರಿನ ದನಿ ಬಿಡುವುದಿಲ್ಲ. ನ್ಯೂಟ್ರಾನಿನ ದನಿ ಅದರ ಶಕ್ತಿಯಲ್ಲಿದೆ. ನಿಂತಲ್ಲೇ ನಿಂತ ಎರಡು ಬೀಜ ಬೆಸೆದಿದ್ದರೆ ಪ್ರತಿಯೊಂದು ನ್ಯೂಟ್ರಾನಿನ ಶಕ್ತಿಯೂ 14.1 ಇರುತ್ತಿತ್ತು. (ಈ ಅಳತೆಯ ಘಟಕಕ್ಕೆ ಎಂ.ಇ.ವಿ. ಎಂದು ಹೆಸರು, ಪಾವು, ಸೇರು ಇದ್ದ ಹಾಗೆಂದು ತಿಳಿದರೆ ಸಾಕು.) ಆದರೆ ಕಾದ ಪ್ಲಾಸ್ಮಾದಲ್ಲಿ ಬೀಜಗಳು ದಿಕ್ಕಾಪಾಲಾಗಿ ಓಡುತ್ತಿರುತ್ತವೆ. ಓಡುವ ಬಂಡಿಯಿಂದ ಮುಂದಕ್ಕೆ ಎಸೆದ ಕಲ್ಲಿಗೆ ವೇಗ ಹೆಚ್ಚು, ಹಿಂದಕ್ಕೆ ಎಸೆದದ್ದಕ್ಕೆ ಕಡಿಮೆ. ಹಾಗೆಯೇ ಕೆಲವು ನ್ಯೂಟ್ರಾನು 14.1ಕ್ಕಿಂತ ಹೆಚ್ಚು, ಕೆಲವು ಕಡಿಮೆ. ಎಲ್ಲವನ್ನೂ ಗುರುತುಹಾಕಿದರೆ ನಡುವೆ ಎತ್ತರ, ಎರಡೂ ಕಡೆ ಇಳಿಜಾರಿರುವ ಗುಡ್ಡವೊಂದು ಮೂಡುತ್ತದೆ. ಆ ಗುಡ್ಡದ ಅಗಲವೇ ಪ್ಲಾಸ್ಮಾದ ಕಾವು. ಗುಡ್ಡ ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ಪ್ಲಾಸ್ಮಾ ತಾನೇ ಚಲಿಸುತ್ತಿದೆ. ಬಾಲ ಉದ್ದವಾಗಿದ್ದರೆ ಹೊರಗಿನಿಂದ ತೂರಿಸಿದ ವೇಗದ ಕಣಗಳ ಪ್ರಭಾವ. ಇಷ್ಟನ್ನೂ ಓದುವ ಯಂತ್ರವೇ ನ್ಯೂಟ್ರಾನ್ ರೋಹಿತಮಾಪಕ.

‘ನ್ಯೂಟ್ರಾನುಗಳನ್ನು ಎಣಿಸಿದರೆ ಸಾಲದೇ?’ ಎಂದು ಭಾವನವರು ಕೇಳಿದರು. ಅವರು ಮೀಟರಿನ ಲೆಕ್ಕದಲ್ಲಿ ಬಟ್ಟೆ ಅಳೆದವರು.

ಎಣಿಕೆಯೂ ಬೇಕು. ಒಂದು ಮೆಗಾವಾಟ್ ಸಮ್ಮಿಲನ ಶಕ್ತಿಗೆ ಸೆಕೆಂಡಿಗೆ ಮೂವತ್ತೈದರ ಮುಂದೆ ಹದಿನಾರು ಸೊನ್ನೆ ಇಟ್ಟಷ್ಟು ನ್ಯೂಟ್ರಾನು ಹುಟ್ಟುತ್ತವೆ. ಎಣಿಸಿದರೆ ಎಷ್ಟು ಶಕ್ತಿ ಬಂತೆಂದು ಗೊತ್ತಾಗುತ್ತದೆ. ಆದರೆ ಬರೀ ಎಣಿಕೆಯನ್ನು ನಂಬಿ ಮೋಸಹೋದ ಒಂದು ದೊಡ್ಡ ಕಥೆಯುಂಟು. ಇಂಗ್ಲೆಂಡಿನ ಹಾರ್‌ವೆಲ್ಲಿನಲ್ಲಿ ‘ಝೀಟಾ’ ಎಂಬ ಯಂತ್ರವನ್ನು 1957ರಲ್ಲಿ ನಡೆಸಿದಾಗ ನ್ಯೂಟ್ರಾನುಗಳು ಬಂದವು. ಅದಕ್ಕೆ ಎರಡು ವರ್ಷ ಮೊದಲು, 1955ರ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ ನಮ್ಮ ಹೋಮಿ ಭಾಭಾ ಅವರು, ಇನ್ನು ಎರಡು ದಶಕಗಳಲ್ಲಿ ಸಮ್ಮಿಲನ ಶಕ್ತಿ ಮನುಷ್ಯನ ವಶವಾದೀತೆಂದು ನುಡಿದಿದ್ದರು. ಲೋಕವೆಲ್ಲ ಕಾದು ಕುಳಿತಿತ್ತು. 1958ರ ಜನವರಿಯಲ್ಲಿ ಝೀಟಾದ ಸುದ್ದಿ ಪ್ರಕಟವಾಯಿತು. ಪತ್ರಿಕೆಗಳು ಸೂರ್ಯನನ್ನೇ ಇಳಿಸಿ ತಂದಂತೆ ಬರೆದವು.

ಆಮೇಲೆ ಹಾರ್‌ವೆಲ್ಲಿನವರೇ ಆದ ಬೇಸಿಲ್ ರೋಸ್ ಮತ್ತು ಸಂಗಡಿಗರು ಆ ನ್ಯೂಟ್ರಾನುಗಳ ಶಕ್ತಿಯನ್ನು ಅಳೆದರು. ವಿದ್ಯುತ್ ಪ್ರವಾಹದ ದಿಕ್ಕಿನಲ್ಲಿ ಬಂದವಕ್ಕೆ ಒಂದು ಶಕ್ತಿ, ವಿರುದ್ಧ ದಿಕ್ಕಿನಲ್ಲಿ ಬಂದವಕ್ಕೆ ಇನ್ನೊಂದು. ನಿಜವಾಗಿ ಇಡೀ ಪ್ಲಾಸ್ಮಾ ಕಾದಿದ್ದರೆ ಎಲ್ಲ ದಿಕ್ಕಿಗೂ ಒಂದೇ ಇರಬೇಕಿತ್ತು. ಯಾವುದೋ ಕೆಲವು ಕಣಗಳು ಒಂದೇ ಕಡೆಗೆ ತಳ್ಳಲ್ಪಟ್ಟು ಢಿಕ್ಕಿ ಹೊಡೆದು ನ್ಯೂಟ್ರಾನು ಹುಟ್ಟಿದ್ದವು, ಅಷ್ಟೆ. ಅದೇ ವರ್ಷದ ಮೇ ತಿಂಗಳಲ್ಲಿ ಮೊದಲಿನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಎಣಿಕೆ ಹೇಳಿದ ಸುಳ್ಳನ್ನು ಶಕ್ತಿಯ ಅಳತೆ ಹಿಡಿದುಕೊಟ್ಟಿತು. ಅಳೆದವರು ಹೊರಗಿನ ಶತ್ರುಗಳಲ್ಲ, ಒಳಗಿನವರೇ. ಈ ಮಾತನ್ನು ಹೇಳುವಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಾದಳು. ಏಕೆಂದು ನನಗೆ ಆಗ ತಿಳಿಯಲಿಲ್ಲ.

ಇನ್ನು ಯಂತ್ರವನ್ನು ರಚಿಸುವ ಬಗೆ. ವಿದ್ಯುದಂಶವಿಲ್ಲದ ನ್ಯೂಟ್ರಾನು ಯಾವ ತಂತಿಗೂ ಉತ್ತರ ಕೊಡದು. ಅದು ಯಾರಿಗೆ ಢಿಕ್ಕಿ ಹೊಡೆಯಿತೋ ಅವರನ್ನು ಕೇಳಬೇಕು. ಗೋಲಿಯಾಟದಲ್ಲಿ ಒಂದು ಗೋಲಿ ಸಮತೂಕದ ಇನ್ನೊಂದಕ್ಕೆ ನೇರ ಹೊಡೆದರೆ ತಾನು ನಿಂತು ತನ್ನ ಓಟವನ್ನೆಲ್ಲ ಅದಕ್ಕೆ ಕೊಡುತ್ತದೆಯಲ್ಲ? ನ್ಯೂಟ್ರಾನಿಗೆ ಸಮತೂಕದ ಗೋಲಿ ಪ್ರೋಟಾನು. ಪ್ಲಾಸ್ಟಿಕ್ಕಿನ ತೆಳುವಾದ ಹಾಳೆಯನ್ನು ಅಡ್ಡ ಹಿಡಿದು, ಅದರಿಂದ ನೇರ ಮುಂದಕ್ಕೆ ಚಿಮ್ಮಿದ ಪ್ರೋಟಾನುಗಳನ್ನು ಅಳೆದರೆ ನ್ಯೂಟ್ರಾನಿನ ಶಕ್ತಿ ಸಿಕ್ಕಿತು. ಸ್ವೀಡನ್ನಿನ ಉಪ್ಸಾಲಾದವರು ಇಂಥ ಒಂದು ಭಾರಿ ಯಂತ್ರವನ್ನು ಕಟ್ಟಿ ಇಂಗ್ಲೆಂಡಿನ ‘ಜೆಟ್’ ಎಂಬ ಟೋಕಮಾಕಿನ ಪಕ್ಕದಲ್ಲಿ 1996ರಲ್ಲಿ ನಿಲ್ಲಿಸಿದರು. ಆ ಜೆಟ್ 1997ರಲ್ಲಿ 16 ಮೆಗಾವಾಟ್ ಶಕ್ತಿ ತೋರಿಸಿ, 2023ರ ಡಿಸೆಂಬರಿನಲ್ಲಿ ತನ್ನ ಕೆಲಸ ಮುಗಿಸಿತು. ಇನ್ನೊಂದು ಉಪಾಯ, ಎರಡು ಕಂಬಗಳ ನಡುವೆ ಓಟಗಾರನ ಹೊತ್ತು ನೋಡಿದಂತೆ, ನ್ಯೂಟ್ರಾನಿನ ಓಟದ ಹೊತ್ತನ್ನು ಅಳೆಯುವುದು.

ಇಲ್ಲಿ ಒಂದು ಪೇಚುಂಟು. ಹಾಳೆ ತೆಳುವಾದರೆ ಅಳತೆ ನಿಖರ, ಆದರೆ ಢಿಕ್ಕಿಗಳು ವಿರಳ; ದಪ್ಪವಾದರೆ ಢಿಕ್ಕಿ ಹೆಚ್ಚು, ಆದರೆ ಪ್ರೋಟಾನು ಹಾಳೆಯೊಳಗೇ ಬಳಲಿ ಲೆಕ್ಕ ತಪ್ಪುತ್ತದೆ. ಎರಡೂ ಒಟ್ಟಿಗೆ ದೊರೆಯುವುದಿಲ್ಲ. ಗೋಡೆಗೆ ಬಡಿದು ಬಳಸಿ ಬಂದ ನ್ಯೂಟ್ರಾನುಗಳು ಹುಟ್ಟೂರಿನ ದನಿ ಮರೆತಿರುತ್ತವೆ. ಅವನ್ನು ದೂರವಿಡಲು ಕಾಂಕ್ರೀಟಿನ ದಪ್ಪ ಗೋಡೆಯಲ್ಲಿ ಕಿರಿದಾದ ಕಿಂಡಿ ಕೊರೆದು ನೇರ ಬಂದವನ್ನಷ್ಟೇ ಬರಗೊಡಬೇಕು. ಫ್ರಾನ್ಸಿನಲ್ಲಿ ಏಳು ಪಾಲುದಾರರು ಸೇರಿ ಕಟ್ಟುತ್ತಿರುವ ‘ಇಟರ್’ ಎಂಬ ಮಹಾಯಂತ್ರಕ್ಕೆ ಪೋಲೆಂಡ್, ಸ್ವೀಡನ್, ಇಟಲಿಯ ತಜ್ಞರು ಇದೇ ಕಾರಣಕ್ಕೆ ಒಂದೇ ಕಿಂಡಿಯ ಹಿಂದೆ ಹಲವು ಬಗೆಯ ಮಾಪಕಗಳನ್ನು ಸಾಲಾಗಿ ಜೋಡಿಸುವಂತೆ ರಚನೆ ಮಾಡಿದ್ದಾರೆ. ಒಂದು ಸೋತಲ್ಲಿ ಇನ್ನೊಂದು ಗೆಲ್ಲುತ್ತದೆ. ಆ ಸಾಲಿನಲ್ಲಿ ಒಂದು, ವಜ್ರ!

ವಜ್ರವೆಂದೊಡನೆ ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.

ವಜ್ರವೆಂದರೆ ಶುದ್ಧ ಇಂಗಾಲ. 14 ಎಂ.ಇ.ವಿ.ಯ ನ್ಯೂಟ್ರಾನು ಇಂಗಾಲದ ಬೀಜಕ್ಕೆ ತಗುಲಿದಾಗ ಕೆಲವು ಸಲ ಅದು ಒಡೆದು ಬೆರಿಲಿಯಮ್ಮು, ಹೀಲಿಯಮ್ಮು ಎಂದು ಎರಡಾಗುತ್ತದೆ. ಒಡೆಯಲು ತಗಲುವ ಖರ್ಚು 5.7. ಹದಿನಾಲ್ಕು ಚಿಲ್ಲರೆಯಲ್ಲಿ ಅದನ್ನು ಕಳೆದರೆ ಉಳಿದ 8.4 ಹರಳಿನೊಳಗೇ ಬೀಳುತ್ತದೆ. ಆ ಏಟಿಗೆ ಹರಳಿನಲ್ಲಿ ಸುಮಾರು ಆರೂವರೆ ಲಕ್ಷ ಎಲೆಕ್ಟ್ರಾನುಗಳು ತಮ್ಮ ಜಾಗ ಬಿಟ್ಟೇಳುತ್ತವೆ. ಎರಡು ಬದಿಗೂ ವಿದ್ಯುತ್ ಒತ್ತಡ ಕೊಟ್ಟು ಅವನ್ನು ಸೆಳೆದುಕೊಂಡರೆ ಒಂದು ಸಣ್ಣ ಮಿಡಿತ. ಮಿಡಿತದ ಎತ್ತರವೇ ನ್ಯೂಟ್ರಾನಿನ ಶಕ್ತಿ. ಯಂತ್ರವೆಂದರೆ ನಾಲ್ಕೂವರೆ ಮಿಲಿಮೀಟರ್ ಚೌಕದ, ಅರ್ಧ ಮಿಲಿಮೀಟರ್ ದಪ್ಪದ ಒಂದು ಬಿಲ್ಲೆ! ಮೂಗುಬೊಟ್ಟಿಗೂ ಸಾಲದು. ಅಂಥ ಹನ್ನೆರಡು ಬಿಲ್ಲೆ ಜೋಡಿಸಿದ ಮಾಪಕವನ್ನು ಜೆಟ್‌ನಲ್ಲಿ ಬಳಸಿದ್ದಾರೆ.

ಈ ಬಿಲ್ಲೆ ಗಣಿಯದಲ್ಲ, ಬೆಳೆಸಿದ್ದು. ಮೀಥೇನ್, ಹೈಡ್ರೋಜನ್ನುಗಳನ್ನು ಸೂಕ್ಷ್ಮತರಂಗಗಳಿಂದ ಪ್ಲಾಸ್ಮಾ ಮಾಡಿ, ಬೀಜದ ಬಿಲ್ಲೆಯೊಂದರ ಮೇಲೆ ಇಂಗಾಲವನ್ನು ಪದರಪದರವಾಗಿ ಕೂರಿಸುತ್ತಾರೆ. ಸೂರತ್ತಿನ ಸುತ್ತಮುತ್ತ ಒಡವೆಯ ಹರಳನ್ನು ಇದೇ ಕ್ರಮದಲ್ಲಿ ಬೆಳೆಸುವ ಕಾರ್ಖಾನೆಗಳು ಈಗ ಹಲವು. ಪ್ಲಾಸ್ಮಾದಲ್ಲಿ ಹುಟ್ಟಿದ ಹರಳು ಪ್ಲಾಸ್ಮಾದ ಕಾವನ್ನೇ ಅಳೆಯುವುದು ಎಂಥ ಯೋಗ! ಆದರೆ ಒಡವೆಯ ಹರಳೆಲ್ಲ ಈ ಕೆಲಸಕ್ಕೆ ಸಲ್ಲದು. ಒಡವೆಗೆ ಕಣ್ಣಿಗೆ ಕಾಣುವ ದೋಷವಿಲ್ಲದಿದ್ದರೆ ಆಯಿತು. ಮಾಪಕದ ಹರಳಿನಲ್ಲಿ ನೂರು ಕೋಟಿ ಪರಮಾಣುಗಳಿಗೆ ಐದಕ್ಕಿಂತ ಹೆಚ್ಚು ಸಾರಜನಕ ಇರಕೂಡದು.

ಈಗ ಹುಡುಗಿಯ ಸಂಕಟ. ಅವಳು ರಚಿಸಿದ ಮಾಪಕವನ್ನು ನ್ಯೂಟ್ರಾನು ಹೊಮ್ಮಿಸುವ ಯಂತ್ರವೊಂದರ ಮುಂದಿಟ್ಟು ಪರೀಕ್ಷಿಸಿದ್ದಾಳೆ. 8.4ರಲ್ಲಿ ಸೊಗಸಾದ ಶಿಖರ ಬಂದಿದೆ. ಹಿರಿಯರು ಮೆಚ್ಚಿದ್ದಾರೆ. ಪ್ರಬಂಧ ಕಳಿಸಲು ಹತ್ತು ದಿನ ಉಳಿದಿದೆ. ಮುಂದಿನ ವರ್ಷದ ಕೆಲಸ, ಸಂಬಳ ಅದರ ಮೇಲೆ ನಿಂತಿದೆ. ಆದರೆ ಬೆಳಗಿನ ಶಿಖರಕ್ಕಿಂತ ಸಂಜೆಯ ಶಿಖರ ಅಗಲವಾಗಿ, ಸ್ವಲ್ಪ ಕೆಳಕ್ಕೆ ಜಾರಿರುವುದನ್ನು ಅವಳು ಕಂಡಳು. ನ್ಯೂಟ್ರಾನು ಬದಲಾಗಿರಲಿಲ್ಲ. ಹರಳಿನೊಳಗಿನ ಸಣ್ಣ ದೋಷಗಳಲ್ಲಿ ವಿದ್ಯುದಂಶ ಸಿಕ್ಕಿಕೊಂಡು, ದಿನ ಕಳೆದಂತೆ ಹರಳೇ ಮಂಕಾಗುತ್ತಿತ್ತು.

‘ಶಿಖರ ಚಲೋ ಬಂದದ, ಮಾಮಾ. ಖರೆ, ಅದರ ಅಗಲ ನ್ಯೂಟ್ರಾನಿಂದಲ್ಲ, ನನ್ನ ಹರಳಿಂದು’ ಎಂದಳು.

‘ಅಷ್ಟರಿಂದ ಏನು ಮಹಾ ಕೆಡುತ್ತದೆ?’

ಒಂದು ಕಾಗದ ಎಳೆದುಕೊಂಡು ಲೆಕ್ಕ ಮಾಡಿ ತೋರಿಸಿದಳು. ಪ್ಲಾಸ್ಮಾದ ಕಾವು ನಾಲ್ಕೂವರೆ ಕೋಟಿ ಡಿಗ್ರಿ ಇದ್ದರೆ ಗುಡ್ಡದ ಅಗಲ ಸುಮಾರು 0.35. ಮಾಪಕದ ಸ್ವಂತ ದೋಷದ ಅಗಲವೂ ಅಷ್ಟೇ ಇದ್ದರೆ ಎರಡೂ ಸೇರಿ 0.5 ಆಗುತ್ತದೆ. ಕಾವು ಅಗಲದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಉತ್ತರ ಒಂಬತ್ತು ಕೋಟಿ ಡಿಗ್ರಿ! ಇದ್ದದ್ದರ ಇಮ್ಮಡಿ. ಯಾರೂ ಸುಳ್ಳು ಹೇಳಲಿಲ್ಲ, ಆದರೂ ಸುಳ್ಳು. ಝೀಟಾದ ಕಥೆ ಹೇಳುವಾಗ ಅವಳು ಏಕೆ ಸುಮ್ಮನಾದಳೆಂದು ನನಗೆ ಆಗ ಹೊಳೆಯಿತು.

ಒತ್ತಡದ ದಿಕ್ಕನ್ನು ಆಗಾಗ ತಿರುಗಿಸಿ, ಸಿಕ್ಕಿಕೊಂಡದ್ದನ್ನು ಬಿಡಿಸಿ ಎಲ್ಲ ಅಳತೆಯನ್ನೂ ಮತ್ತೆ ಮಾಡಬಹುದು. ಅದಕ್ಕೆ ಆರು ತಿಂಗಳು ಬೇಕು. ಬೆಳಗಿನ ಅಳತೆಗಳನ್ನು ಮಾತ್ರ ಕಳಿಸಿದರೆ ಯಾರಿಗೂ ತಿಳಿಯದು. ಭಾವನವರು ತಂದೆಯಲ್ಲವೇ? ‘ಮೊದಲ ಅದನ್ನ ಕಳಿಸು, ಆಮ್ಯಾಲ ಸರಿಮಾಡು’ ಎಂದರು. ಅವರ ದನಿ ಮೊದಲ ಬಾರಿಗೆ ಮೆಲ್ಲಗಿತ್ತು. ನಾನೂ ಹೌದೆನ್ನುವವನಿದ್ದೆ.

ಮರುದಿನ ಭಾನುವಾರ. ಪಕ್ಕದ ಮನೆಯ ಗುಜರಾತಿ ಕಾಕಾ ಚಹಾಕ್ಕೆ ಬಂದರು. ಅವರು ಹುಡುಗರಾಗಿದ್ದಾಗಲೇ ಸೌರಾಷ್ಟ್ರದಿಂದ ಬಂದು ‘ಘಂಟಿ’ಯ ಮುಂದೆ ಕುಳಿತು ವಜ್ರಕ್ಕೆ ಸಾಣೆ ಹಿಡಿದು, ಈಗ ಹರಳು ಆರಿಸುವ ಕೆಲಸದಲ್ಲಿರುವವರು. ಹುಡುಗಿಯ ಬಿಲ್ಲೆಯ ಕಥೆ ಕೇಳಿ ಬಹಳ ಕುತೂಹಲಗೊಂಡರು. ‘ನಿಮ್ಮಲ್ಲಿ ಹರಳು ನೋಡುವ ಕ್ರಮವೇನು?’ ಎಂದು ನಾನು ಕೇಳಿದೆ. ಬೆಳಿಗ್ಗೆ ಹೋದೊಡನೆ ಹರಳು ಮುಟ್ಟುವುದಿಲ್ಲವೆಂದರು. ಮೊದಲು ತಕ್ಕಡಿಯ ಮೇಲೆ ಗೊತ್ತಿರುವ ತೂಕವಿಟ್ಟು ನೋಡುತ್ತಾರಂತೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ನೂರರಲ್ಲೊಂದು ಪಾಲು ತಪ್ಪಿದರೂ ದುಡ್ಡು ತಪ್ಪಿತು. ‘ತಕ್ಕಡಿ ತಪ್ಪಿದ್ದು ಗೊತ್ತಾದ ಮೇಲೂ ತೂಗಿದರೆ ಅದು ತೂಕವಲ್ಲ, ಕಳವು’ ಎಂದು ಗುಜರಾತಿಯಲ್ಲಿ ಸಹಜವಾಗಿ ಹೇಳಿ ಚಹಾ ಕುಡಿದರು. ಅವರಿಗೆ ಮನೆಯ ಹಿಂದಿನ ರಾತ್ರಿಯ ಮಾತು ತಿಳಿದಿರಲಿಲ್ಲ.

ಯಾರೂ ಮಾತನಾಡಲಿಲ್ಲ. ಹುಡುಗಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಇಣುಕಿದೆ. ತನ್ನ ಹಿರಿಯರಿಗೆ ಪತ್ರ ಬರೆಯುತ್ತಿದ್ದಳು, ಸಂಜೆಯ ಶಿಖರದ ಚಿತ್ರವನ್ನೂ ಸೇರಿಸಿ.

ಮಧ್ಯಾಹ್ನ ಭಾವನವರು ನನ್ನನ್ನು ಮಹಡಿಯ ಮೇಲೆ ಕರೆದುಕೊಂಡು ಹೋಗಿ ಪಡುವಣ ದಿಕ್ಕಿಗೆ ಕೈ ತೋರಿಸಿದರು. ಅತ್ತ ದೂರದಲ್ಲಿ, ತಾಪಿ ಕಡಲು ಸೇರುವಲ್ಲಿ ಹಜೀರಾ. ಇಟರ್ ಯಂತ್ರವನ್ನೆಲ್ಲ ಒಳಗಿಟ್ಟುಕೊಳ್ಳುವ, ಸುಮಾರು 29 ಮೀಟರ್ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ, 3,850 ಟನ್ ತೂಕದ ಉಕ್ಕಿನ ಹಂಡೆಯ ಭಾಗಗಳನ್ನು ಲಾರ್ಸನ್ ಅಂಡ್ ಟೂಬ್ರೊದವರು ಅಲ್ಲಿಯೇ ಮಾಡಿದರು. ಕೊನೆಯ ತುಂಡುಗಳು ಹೊರಟದ್ದು 2020ರಲ್ಲಿ. ಯಂತ್ರದ ಎರಡು ಗೋಡೆಗಳ ನಡುವೆ ನ್ಯೂಟ್ರಾನುಗಳನ್ನು ತಡೆಯಲು ತುಂಬುವ ಬೋರಾನ್ ಬೆರೆತ ಉಕ್ಕಿನ ಸಾವಿರಾರು ಇಟ್ಟಿಗೆಗಳನ್ನು ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ಅವಸರಾಲ ಸಂಸ್ಥೆ. 2024ರಲ್ಲಿ ಪ್ರಕಟವಾದ ವೇಳಾಪಟ್ಟಿಯಂತೆ ಅದರಲ್ಲಿ ಡ್ಯೂಟೀರಿಯಮ್ಮು ಟ್ರಿಟಿಯಮ್ಮು ಬೆಸೆಯುವುದು 2039ರಲ್ಲಿ. ‘ಅಷ್ಟೊತ್ತಿಗೆ ಇಕಿ ಹಿರೇರೊಳಗ ಒಬ್ಬಾಕಿ ಆಗಿರ್ತಾಳ. ಆರು ತಿಂಗಳು ಏನ್ ಮಹಾ!’ ಎಂದು ಭಾವನವರು ತಮಗೇ ಹೇಳಿಕೊಂಡರು. ದನಿ ಮತ್ತೆ ಎತ್ತರವಾಗಿತ್ತು, ನನಗೆ ಸಮಾಧಾನವಾಯಿತು.

ಸಂಜೆಯ ಗಾಡಿಗೆ ಹೊರಟೆ. ಅಕ್ಕ ಒಂದು ಡಬ್ಬಿ ತುಂಬ ಸೀತನಿ ಕಟ್ಟಿಕೊಟ್ಟಳು. ಹುಡುಗಿ ಸ್ಟೇಷನ್ನಿನವರೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ‘ಉತ್ತರ ಬಂತೇನು?’ ಎಂದೆ. ‘ಇನ್ನೂ ಇಲ್ಲ, ಮಾಮಾ. ಬಂದ್ ಮ್ಯಾಲ ತಿಳಸ್ತೀನಿ’ ಎಂದಳು. ಮುಖದ ಬಾಡು ಮಾತ್ರ ಹೋಗಿತ್ತು.

ಈ ಲೇಖನ ಕಳಿಸುವ ಹೊತ್ತಿಗೆ ಅವಳ ಕಾಗದ ಬಂದಿದೆ. ಪ್ರಬಂಧ ಹಿಂದೆ ಬಿದ್ದಿದೆ. ಮುಂದಿನ ವರ್ಷದ ಕೆಲಸ ಇನ್ನೂ ತೀರ್ಮಾನವಾಗಿಲ್ಲ. ಆದರೆ ಅಳತೆ ಮತ್ತೆ ಆರಂಭವಾಗಿದೆಯಂತೆ, ಸಂಜೆಯ ಶಿಖರ ಈಗ ಬೆಳಗಿನ ಶಿಖರದ ಜಾಗದಲ್ಲೇ ನಿಲ್ಲುತ್ತಿದೆಯಂತೆ. ಕೊನೆಯಲ್ಲಿ ಒಂದು ಸಾಲು: ಪಕ್ಕದ ಮನೆಯ ಕಾಕಾರಿಗೆ ನಮಸ್ಕಾರ ತಿಳಿಸಬೇಕೆಂದು. ಅದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇನೆ.